ಹೆಜ್ಜೆಯ ಲೆಕ್ಕ ಯಾರ ಕೈಗೆ?

ನಮ್ಮ ಹಿರಿಯರು ಅಳತೆಗಳನ್ನು ಹೇಳುತ್ತಿದ್ದ ಬಗೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಹೂವಾದರೆ ಇಷ್ಟು ಮೊಳ, ಹಗ್ಗವಾದರೆ ಇಷ್ಟು ಮಾರು. ಪಕ್ಕದ ಹಳ್ಳಿ ಕೂಗಳತೆಯ ದೂರ, ಜಾತ್ರೆಯ ಊರು ಎರಡು ಹರಿದಾರಿ. ಮೊಳವೆಂದರೆ ಮೊಳಕೈ, ಮಾರೆಂದರೆ ಚಾಚಿದ ಎರಡು ತೋಳು, ಕೂಗಳತೆಯೆಂದರೆ ಗಂಟಲು. ಅಳೆಯುವ ಸಾಧನ ಬೇರೆ, ಅಳೆಯುವವನ ಮೈ ಬೇರೆ ಎಂಬ ಭೇದ ಆ ಕಾಲದ ಮಾತಿನಲ್ಲಿ ಇರಲಿಲ್ಲ. ಮೈಯೇ ಅಳತೆಗೋಲು, ಅಳೆದವನೇ ಆ ಅಳತೆಯ ಒಡೆಯ.

ಈಗ ನಗರದ ಉದ್ಯಾನದಲ್ಲಿ ಮುಂಜಾನೆ ನಡೆಯುವವರನ್ನು ನೋಡಿ. ನಾಲ್ಕು ಸುತ್ತು ಮುಗಿಸಿದ ಮೇಲೆ ಅವರು ಮಣಿಕಟ್ಟನ್ನು ತಿರುಗಿಸಿ ಅಲ್ಲಿರುವ ಪುಟ್ಟ ಪರದೆಯನ್ನು ನೋಡುತ್ತಾರೆ. ಎಷ್ಟು ಹೆಜ್ಜೆ ನಡೆದೆ, ಎದೆ ಎಷ್ಟು ಸಲ ಬಡಿಯಿತು, ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದೆ—ಎಲ್ಲವೂ ಅಲ್ಲಿ ಅಂಕಿಗಳಾಗಿ ಮೂಡುತ್ತವೆ. ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎಂದು ಕೇಳಿದ ನಾಡಿನಲ್ಲಿ, ನಮ್ಮ ಆಯಾಸವನ್ನು ನಮಗೇ ತಿಳಿಸುವ ಕನ್ನಡಿಯೊಂದು ಕೈಗೆ ಬಂದು ಕೂತಿದೆ. ಇದನ್ನು ಹೊಸ ಕಾಲದ ಚೋದ್ಯವೆಂದು ಭಾವಿಸುವುದು ಸಹಜ. ಆದರೆ ನಡೆಯುವವನ ಮೈಮೇಲೆ ಸಾಧನವೊಂದನ್ನು ಇರಿಸಿ, ಅವನ ಚಲನೆಯಿಂದ ತಿಳಿವಳಿಕೆಯನ್ನು ಪಡೆಯುವ ಈ ಕಲೆ ಹಳೆಯದು. ಅದರ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಹೆಜ್ಜೆ ಹಾಕಿದವನು ಒಬ್ಬ, ಲೆಕ್ಕ ಸೇರಿದ್ದು ಯಾರ ಕೈಗೆ?

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ನಮ್ಮ ಮುಂದಿಡುವ ಕಥೆ ನಮ್ಮ ದೇಶದ್ದೇ. ಭಾರತದ ಮಹಾ ತ್ರಿಕೋನಮಿತಿ ಮೋಜಣಿಯ ಹೆಸರನ್ನು ನೀವು ಕೇಳಿರಬಹುದು. ಅದರ ಮೂಲಪುರುಷನಾದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, 1802ರಲ್ಲಿ ಮದರಾಸಿನಿಂದ ಮಹಾಕಾರ್ಯವನ್ನು ಆರಂಭಿಸಿದನು. ಸರಪಣಿ ಹಿಡಿದು, ಥಿಯೊಡೊಲೈಟ್ ಎಂಬ ಕೋನಮಾಪಕ ಯಂತ್ರವನ್ನು ಹೊತ್ತು ಆ ಮೋಜಣಿ ಉತ್ತರಕ್ಕೆ ಸಾಗಿತು. ಹಿಮಾಲಯದ ಬುಡಕ್ಕೆ ಬಂದು ನಿಂತಿತು. ಆಚೆಗೆ ಟಿಬೆಟ್. ಅಲ್ಲಿ ಯೂರೋಪಿಯನ್ನರಿಗೆ ಪ್ರವೇಶ ನಿಷಿದ್ಧ. ಸರಪಣಿ ಹಿಡಿದವನು ಗಡಿ ದಾಟಿದರೆ ತಲೆ ಉಳಿಯುವ ಭರವಸೆಯಿರಲಿಲ್ಲ.

ಆಗ ಮೋಜಣಿಯ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮಾಂಟ್‌ಗಮೆರಿಗೆ ಒಂದು ಉಪಾಯ ಹೊಳೆಯಿತು. ಯಾತ್ರಿಕರನ್ನೂ ವ್ಯಾಪಾರಿಗಳನ್ನೂ ಯಾರೂ ತಡೆಯುವುದಿಲ್ಲ. ಹಾಗಿದ್ದ ಮೇಲೆ ಯಾತ್ರಿಕನೇ ಮೋಜಣಿದಾರನಾಗಬಾರದೇಕೆ? ಕುಮಾವೂನಿನ ಜೋಹಾರ್ ಕಣಿವೆಯ ಜನರು ತಲೆಮಾರುಗಳಿಂದ ಟಿಬೆಟ್ಟಿನೊಡನೆ ವ್ಯಾಪಾರ ನಡೆಸಿದವರು. ಆ ಕಣಿವೆಯ ಶಾಲಾಮಾಸ್ತರ ನೈನ್ ಸಿಂಗ್ ರಾವತ್ ಮತ್ತು ಅವನ ದಾಯಾದಿ ಮಣಿ ಸಿಂಗ್ ಇಬ್ಬರನ್ನೂ 1863ರಲ್ಲಿ ಡೆಹ್ರಾಡೂನಿಗೆ ಕರೆಸಿ ತರಬೇತಿ ನೀಡಲಾಯಿತು. ಆ ತರಬೇತಿಯ ಮುಖ್ಯ ಪಾಠ ನಡೆಯುವುದು. ಏರಿರಲಿ, ಇಳಿಜಾರಿರಲಿ, ಬಯಲಿರಲಿ, ಒಂದೊಂದು ಹೆಜ್ಜೆಯೂ ಒಂದೇ ಅಳತೆಯದಾಗಿರಬೇಕು. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ ತಪ್ಪದೆ ಬರಬೇಕು. ಒಬ್ಬ ಮನುಷ್ಯನ ಕಾಲನ್ನೇ ಯಂತ್ರವಾಗಿ ಪಳಗಿಸುವ ವಿದ್ಯೆ ಅದು.

ಆ ಹೆಜ್ಜೆಗಳನ್ನು ಎಣಿಸಿದ ಉಪಕರಣ ಯಾವುದು? ಜಪಮಾಲೆ. ಬೌದ್ಧರ ಜಪಮಾಲೆಯಲ್ಲಿ, ನಮ್ಮದರಲ್ಲಿರುವಂತೆಯೇ, ನೂರೆಂಟು ಮಣಿಗಳಿರುತ್ತವೆ. ನೈನ್ ಸಿಂಗನ ಮಾಲೆಯಲ್ಲಿ ನೂರೇ ಮಣಿಗಳಿದ್ದವು. ಎಂಟು ಮಣಿ ಕಡಿಮೆಯೆಂಬುದನ್ನು ದಾರಿಯಲ್ಲಿ ಎದುರಾದ ಯಾವ ಲಾಮಾನೂ ಎಣಿಸಿ ನೋಡುವಂತಿರಲಿಲ್ಲ. ನೂರು ಹೆಜ್ಜೆಗೊಮ್ಮೆ ಒಂದು ಮಣಿ ಬೆರಳಿನಡಿಯಿಂದ ಜಾರುತ್ತಿತ್ತು. ಮಾಲೆ ಒಂದು ಸುತ್ತು ಬಂದರೆ ಹತ್ತು ಸಾವಿರ ಹೆಜ್ಜೆ, ಅಂದರೆ ಐದು ಮೈಲಿ. ಕೈಯಲ್ಲಿ ತಿರುಗಿಸುವ ಪ್ರಾರ್ಥನಾಚಕ್ರದ ಒಳಗೆ ಮಂತ್ರದ ಸುರುಳಿ ಇರಬೇಕಾದ ಜಾಗದಲ್ಲಿ ಅಳತೆಗಳನ್ನು ಬರೆದ ಕಾಗದವಿತ್ತು. ಎತ್ತರವನ್ನು ತಿಳಿಯಲು ನೀರು ಕುದಿಯುವ ಶಾಖವನ್ನು ಅಳೆಯುವ ಉಷ್ಣಮಾಪಕ, ನಕ್ಷತ್ರಗಳನ್ನು ನೋಡಲು ಪೆಟ್ಟಿಗೆಯ ಗುಪ್ತ ಅಂಕಣದಲ್ಲಿ ಸೆಕ್ಸ್‌ಟಂಟ್, ಕೃತಕ ದಿಗಂತಕ್ಕಾಗಿ ಕವಡೆಗಳಲ್ಲಿ ತುಂಬಿ ತಂದ ಪಾದರಸ—ಇಷ್ಟನ್ನೂ ಮೈಮೇಲೆಯೂ ಗಂಟಿನೊಳಗೂ ಹೊತ್ತು ನೈನ್ ಸಿಂಗ್ ನೇಪಾಳದ ಮೂಲಕ 1865ರಲ್ಲಿ ಟಿಬೆಟ್ಟನ್ನು ಹೊಕ್ಕನು. 1866ರ ಜನವರಿಯಲ್ಲಿ ಲ್ಹಾಸಾ ತಲಪಿದನು. ಸಾವಿರ ಮೈಲಿಗೂ ಮೀರಿದ ಆ ದಾರಿಯ ಅಳತೆ ಅವನ ಕಾಲಿನಿಂದ, ಬೆರಳಿನಿಂದ, ತುಟಿಯ ಮೇಲಿನ ಮೌನದಿಂದ ಸಿದ್ಧವಾದುದು.

ಅವನ ಇನ್ನೊಬ್ಬ ದಾಯಾದಿ ಕಿಶನ್ ಸಿಂಗನ ಸಾಹಸವೂ ಕಡಿಮೆಯದಲ್ಲ. 1878ರಿಂದ 1882ರವರೆಗೆ ಅವನು ಟಿಬೆಟ್ಟಿನಲ್ಲಿಯೂ ಅದರ ಉತ್ತರದಲ್ಲಿಯೂ ಅಲೆದನು. ಒಮ್ಮೆ ದರೋಡೆಕೋರರ ಭಯದಿಂದ ತಂಡದವರೆಲ್ಲ ಕುದುರೆ ಏರಬೇಕಾಯಿತು. ತನ್ನ ಹೆಜ್ಜೆ ನಿಂತರೂ ಲೆಕ್ಕ ನಿಲ್ಲಕೂಡದೆಂದು ಅವನು ಕುದುರೆಯ ಮುಂಗಾಲಿನ ಹೆಜ್ಜೆಗಳನ್ನು ಎಣಿಸುತ್ತ ಸಾಗಿದನು!

ಇನ್ನು ಆ ಲೆಕ್ಕದ ಗತಿಯನ್ನು ನೋಡೋಣ. ನೈನ್ ಸಿಂಗನ ಅಳತೆಗಳು ಡೆಹ್ರಾಡೂನಿಗೆ ಬಂದವು. ಅಲ್ಲಿಂದ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪತ್ರಿಕೆಗೆ ಹೋದವು. ಅಲ್ಲಿ ಅಚ್ಚಾದ ವರದಿಯಲ್ಲಿ ಅವನ ಹೆಸರಿರಲಿಲ್ಲ. 'ಪಂಡಿತ' ಎಂದಷ್ಟೇ ಇತ್ತು. ಗುಟ್ಟು ಕಾಯಬೇಕಾದ ಕಾರಣ ಹಾಗೆ ಮಾಡಿದರೆಂಬುದು ನಿಜ. 1877ರಲ್ಲಿ ಆ ಸೊಸೈಟಿ ಅವನಿಗೆ ಚಿನ್ನದ ಪದಕ ನೀಡಿ ಗೌರವಿಸಿದ್ದೂ ನಿಜ. 2004ರಲ್ಲಿ ನಮ್ಮ ಅಂಚೆ ಇಲಾಖೆ ಅವನ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಆದರೆ ಅವನು ಅಳೆದ ದಾರಿಯಿಂದ ಸಾಮ್ರಾಜ್ಯವು ಏನು ಮಾಡುವುದೆಂಬುದು ಅವನ ಕೈಯಲ್ಲಿರಲಿಲ್ಲ. ತನ್ನ ಊರನ್ನು ಅಳೆಯಬೇಕೋ ಬೇಡವೋ ಎಂದು ಟಿಬೆಟ್ಟಿನವರನ್ನಂತೂ ಯಾರೂ ಕೇಳಲಿಲ್ಲ. ಹೆಜ್ಜೆ ಒಬ್ಬನದು, ನೆಲ ಇನ್ನೊಬ್ಬರದು, ನಕ್ಷೆ ಮೂರನೆಯವರದು. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಗೆ ಬರೋಣ.

ಮನುಷ್ಯನ ಕಾಲು ಮಾಡಿದ ಕೆಲಸವನ್ನು ಯಂತ್ರವೇ ಮಾಡುವಂತೆ ಪಳಗಿಸುವ ಯತ್ನ ಯೂರೋಪಿನಲ್ಲಿ ಇದಕ್ಕಿಂತ ಮೊದಲೇ ನಡೆದಿತ್ತು. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನ ಅಬ್ರಹಾಂ ಲೂಯಿ ಪೆರ್ಲೆ ಎಂಬ ಗಡಿಯಾರದ ಕುಶಲಕರ್ಮಿ 1777ರ ಸುಮಾರಿನಲ್ಲಿ ತಾನಾಗಿಯೇ ಕೀ ಕೊಟ್ಟುಕೊಳ್ಳುವ ಗಡಿಯಾರವನ್ನು ರೂಪಿಸಿದನು. ಜೇಬಿನಲ್ಲಿರುವ ಗಡಿಯಾರದ ಒಳಗೊಂದು ತೂಗುವ ಭಾರ. ಒಡೆಯ ನಡೆದಾಗ ಆ ಭಾರ ತೂಗಿ ಸುರುಳಿಯನ್ನು ಬಿಗಿಯುತ್ತದೆ. ಕಾಲುಗಂಟೆ ನಡೆದರೆ ಎಂಟು ದಿನ ಓಡುವಷ್ಟು ಕೀ ಸಿಗುತ್ತದೆಂದು ಜಿನೀವಾದ ಕಲಾಸಂಘ ಆಗ ವರದಿ ಮಾಡಿತು. ಅದೇ ತತ್ತ್ವದ ಇನ್ನೊಂದು ಉಪಯೋಗವೇ ಹೆಜ್ಜೆಮಾಪಕ: ಭಾರ ತೂಗಿದಾಗಲೆಲ್ಲ ಮುಳ್ಳು ಒಂದು ಮನೆ ಮುಂದಕ್ಕೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಪ್ಯಾರಿಸಿನಲ್ಲಿದ್ದಾಗ ಇಂಥ ಒಂದನ್ನು ಕೊಂಡು 1788ರಲ್ಲಿ ಗೆಳೆಯ ಜೇಮ್ಸ್ ಮ್ಯಾಡಿಸನ್ನನಿಗೆ ಕಳಿಸಿಕೊಟ್ಟನು. ಅದು ಶ್ರೀಮಂತರ ಆಟಿಕೆಯಾಗಿತ್ತು. ಅದರ ಲೆಕ್ಕ ಅವರ ಜೇಬಿನಲ್ಲೇ ಉಳಿಯುತ್ತಿತ್ತು.

ಜೇಬಿನ ಗಡಿಯಾರ ಮಣಿಕಟ್ಟಿಗೆ ಏರಿದ್ದು ತಡವಾಗಿ. ಮೊದಲಿಗೆ ಅದು ಹೆಂಗಸರ ಒಡವೆಯೆಂಬ ಭಾವನೆಯಿತ್ತು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ, ಒಂದು ಕೈಯಲ್ಲಿ ಬಂದೂಕ ಹಿಡಿದವನಿಗೆ ಜೇಬಿಗೆ ಕೈಹಾಕುವ ಪುರುಸೊತ್ತಿಲ್ಲವಾದಾಗ, ಗಂಡಸರ ಮಣಿಕಟ್ಟಿಗೂ ಅದು ಬಂದಿತು. ಇದು ಸಣ್ಣ ಬದಲಾವಣೆಯಲ್ಲ. ಊರಿನ ಗಡಿಯಾರ ಗೋಪುರದ ಮೇಲಿದ್ದಾಗ ಸಮಯ ಎಲ್ಲರದಾಗಿತ್ತು, ತಲೆಯೆತ್ತಿ ನೋಡಬೇಕಿತ್ತು. ಜೇಬಿಗೆ ಬಂದಾಗ ತೆಗೆದು ನೋಡಬೇಕಿತ್ತು. ಕೈಗೆ ಬಂದಾಗ ಕಣ್ಣು ಹೊರಳಿಸಿದರೆ ಸಾಕಾಯಿತು. ತಿಳಿವಳಿಕೆಗೂ ಮೈಗೂ ನಡುವಣ ದೂರ ಒಂದು ಚಲನೆಯಷ್ಟಕ್ಕೆ ಇಳಿಯಿತು.

ನಮ್ಮ ನಾಡಿನಲ್ಲಿ ಆ ದೂರವನ್ನು ಸಾಮಾನ್ಯರಿಗಾಗಿ ಇಳಿಸಿದ ಕೀರ್ತಿ ಬೆಂಗಳೂರಿನ ಎಚ್.ಎಂ.ಟಿ.ಗೆ ಸಲ್ಲಬೇಕು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಅಲ್ಲಿ ಕೈಗಡಿಯಾರದ ಉದ್ಯಮ ನೆಲೆಗೊಂಡಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತಲೆಯೆತ್ತಿತು. 'ಜನತಾ' ಎಂಬ ಹೆಸರೇ ಅದರ ಉದ್ದೇಶವನ್ನು ಸಾರುತ್ತಿತ್ತು. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅದಕ್ಕೆ ಕೀ ಕೊಡುವುದು ಎಷ್ಟೋ ಮನೆಗಳಲ್ಲಿ ಸಂಧ್ಯಾವಂದನೆಯಷ್ಟೇ ನಿಯಮದ ಕೆಲಸವಾಗಿತ್ತು. ಕೈ ಬೀಸಿದರೇ ಕೀ ಸಿಗುವ ಸ್ವಯಂಚಾಲಿತ ಗಡಿಯಾರಗಳನ್ನೂ ಅದು ಮಾಡಿತು. ಇವೆಲ್ಲಕ್ಕಿಂತ ನನಗೆ ಹೆಚ್ಚು ಮೆಚ್ಚಿಕೆಯಾದುದು ಅದರ ಬ್ರೈಲ್ ಗಡಿಯಾರ. ಗಾಜಿನ ಮುಚ್ಚಳವನ್ನು ತೆರೆದು, ಉಬ್ಬಿದ ಚುಕ್ಕೆಗಳನ್ನೂ ಮುಳ್ಳುಗಳನ್ನೂ ಬೆರಳಿನಿಂದ ಮುಟ್ಟಿ ಸಮಯ ತಿಳಿಯುವ ಗಡಿಯಾರ ಅದು. ಕಣ್ಣಿಲ್ಲದವನು ಪಕ್ಕದವನನ್ನು ಕೇಳದೆ ಸಮಯ ತಿಳಿಯಬಲ್ಲನಾದರೆ, ಅದು ಬರಿಯ ಅನುಕೂಲವಲ್ಲ, ಸ್ವಾತಂತ್ರ್ಯ. 2016ರಲ್ಲಿ ಆ ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ನೀಡಿತು. ಆದರೆ ಆ ಕಾಲದ ಗಡಿಯಾರದ ಒಂದು ಗುಣವನ್ನು ಮರೆಯಬಾರದು. ಅದು ಲೋಕದ ಸುದ್ದಿಯನ್ನು ತೊಟ್ಟವನಿಗೆ ಹೇಳುತ್ತಿತ್ತೇ ಹೊರತು ತೊಟ್ಟವನ ಸುದ್ದಿಯನ್ನು ಲೋಕಕ್ಕೆ ಹೇಳುತ್ತಿರಲಿಲ್ಲ.

ಎಚ್.ಎಂ.ಟಿ. ನೆಲೆಗೊಂಡ ಅದೇ 1961ರಲ್ಲಿ ಅಮೆರಿಕದಲ್ಲಿ ಒಂದು ವಿನೋದದ ಪ್ರಯೋಗ ನಡೆಯಿತು. ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞ ಮತ್ತು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಇಬ್ಬರೂ ಸೇರಿ ಇಸ್ಪೀಟಿನ ಕಟ್ಟಿನಷ್ಟು ದೊಡ್ಡ ಗಣಕಯಂತ್ರವೊಂದನ್ನು ಮಾಡಿದರು. ಜೂಜುಕಟ್ಟೆಯ ರೂಲೆಟ್ ಚಕ್ರದ ಮೇಲೆ ಗುಂಡು ಒಂದು ಗುರುತನ್ನು ದಾಟಿದಾಗ, ಬೂಟಿನೊಳಗಿನ ಗುಂಡಿಯನ್ನು ಕಾಲಬೆರಳಿನಿಂದ ಒತ್ತಬೇಕು. ಯಂತ್ರ ಆ ಚಲನೆಯ ವೇಗವನ್ನು ಲೆಕ್ಕ ಹಾಕಿ, ಗುಂಡು ಎಲ್ಲಿ ನಿಲ್ಲಬಹುದೆಂಬುದನ್ನು ಕಿವಿಯೊಳಗೆ ಒಂದು ಸ್ವರವಾಗಿ ಹೇಳುತ್ತದೆ. ಲಾಸ್ ವೇಗಸ್ಸಿನಲ್ಲಿ ಅದು ಕೆಲಸ ಮಾಡಿತು; ಆದರೆ ಕಿವಿಗೆ ಹೋದ ಕೂದಲೆಳೆಯಂಥ ತಂತಿ ಮತ್ತೆ ಮತ್ತೆ ಕಡಿಯುತ್ತಿತ್ತು. ಮೈಮೇಲೆ ತೊಡುವ ಮೊದಲ ಗಣಕಯಂತ್ರವೆಂದು ಇದನ್ನು ಎಣಿಸುತ್ತಾರೆ. ಅದೂ ನೈನ್ ಸಿಂಗನ ಮಾಲೆಯಂತೆ ಗುಟ್ಟಿನದೇ. ಆದರೆ ಇಲ್ಲಿ ತೊಟ್ಟವನೇ ತಿಳಿವಳಿಕೆಯ ಒಡೆಯ. ಜೂಜುಕಟ್ಟೆಯ ಒಡೆಯರಿಗೆ ಇದು ರುಚಿಸುವುದಾದರೂ ಹೇಗೆ? 1985ರಲ್ಲಿ ನೆವಾಡಾ ರಾಜ್ಯ ಇಂಥ ಸಾಧನಗಳನ್ನು ಕಾಯಿದೆಯಿಂದ ನಿಷೇಧಿಸಿತು.

ಇನ್ನು ಜಪಾನಿಗೆ ಬರೋಣ. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತು. ಆರೋಗ್ಯ, ವ್ಯಾಯಾಮಗಳ ಮಾತು ಎಲ್ಲೆಲ್ಲಿಯೂ ಹಬ್ಬಿತು. ಮರುವರ್ಷ ಅಲ್ಲಿಯ ಗಡಿಯಾರ ತಯಾರಕರೊಬ್ಬರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದರು. ಅದರ ಹೆಸರು 'ಮಾಂಪೊ-ಕೇ'. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ಇಂದು ಲೋಕದ ತುಂಬ ಜನರು ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕೆಂದು ನಂಬಿರುವುದಕ್ಕೆ ಮೂಲ ಈ ಹೆಸರೇ. ಯಾವ ವೈದ್ಯಶಾಸ್ತ್ರದ ಸೂತ್ರವೂ ಅಲ್ಲ. ದುಂಡಗಿನ ಅಂಕಿಯೊಂದು ಮಾರಾಟಕ್ಕೆ ಚೆನ್ನಾಗಿ ಕೂಡಿಬಂದಿತು. 2019ರಲ್ಲಿ ಅಮೆರಿಕದ ಸಂಶೋಧಕರು ಸರಾಸರಿ 72 ವರ್ಷ ವಯಸ್ಸಿನ ಸುಮಾರು 17,000 ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿದಾಗ, ದಿನಕ್ಕೆ 4,400ರಷ್ಟು ಹೆಜ್ಜೆ ನಡೆದವರಲ್ಲಿಯೂ ಸಾವಿನ ಪ್ರಮಾಣ ತೀರ ಕಡಿಮೆ ನಡೆದವರಿಗಿಂತ ಸ್ಪಷ್ಟವಾಗಿ ತಗ್ಗಿದ್ದು ಕಂಡುಬಂದಿತು. 7,500ರ ಸುಮಾರಿಗೆ ಆ ಲಾಭ ಸಮತಟ್ಟಿಗೆ ಬಂದು ನಿಂತಿತ್ತು. ಆದರೂ ಕೈಯ ಪರದೆ ಹತ್ತು ಸಾವಿರವೆಂದರೆ ನಾವು ಹತ್ತು ಸಾವಿರಕ್ಕೆ ನಡೆಯುತ್ತೇವೆ. ನೈನ್ ಸಿಂಗನ ಜಪಮಾಲೆಯ ಒಂದು ಸುತ್ತೂ ಹತ್ತು ಸಾವಿರವೇ ಆಗಿತ್ತೆಂಬುದು ಆಕಸ್ಮಿಕ. ಅವನಿಗೆ ಅದು ದಾರಿಯ ಅಳತೆ. ನಮಗೆ ಅದು ವಿಧಿ.

ಇಂದಿನ ಕೈಪಟ್ಟಿಯೊಳಗಿನ ಚಲನಸಂವೇದಕದ ಗುಟ್ಟೇನು? ಪೆರ್ಲೆಯ ತೂಗುವ ಭಾರವೇ! ವ್ಯತ್ಯಾಸ ಗಾತ್ರದಲ್ಲಿ. ಸಿಲಿಕಾನ್ ಚೂರಿನಲ್ಲಿ ಕೊರೆದ, ಕಣ್ಣಿಗೆ ಕಾಣದಷ್ಟು ಸಣ್ಣ ಭಾರವೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಅದರ ಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಫಲಕಗಳು. ಕೈ ಅಲುಗಿದರೆ ಭಾರ ಜರುಗುತ್ತದೆ; ಹಲ್ಲುಗಳ ನಡುವಣ ಅಂತರ ಬದಲಾಗುತ್ತದೆ; ಅದರೊಡನೆ ವಿದ್ಯುತ್ತಿನ ಧಾರಣಶಕ್ತಿಯೂ ಬದಲಾಗುತ್ತದೆ. 1990ರ ದಶಕದಲ್ಲಿ ಈ ಸಂವೇದಕ ಕಾರುಗಳಿಗೆ ಬಂದಿತು: ಡಿಕ್ಕಿಯಾದ ಕ್ಷಣವನ್ನು ಗುರುತಿಸಿ ಗಾಳಿಚೀಲವನ್ನು ಉಬ್ಬಿಸುವುದು ಅದರ ಕೆಲಸ. 2006ರಲ್ಲಿ ನಿಂಟೆಂಡೊ ಕಂಪೆನಿಯ ಆಟಿಕೆಯ ಹಿಡಿಕೆಗೂ, 2007ರಲ್ಲಿ ಐಫೋನಿಗೂ ಅದು ಸೇರಿತು. 2009ರಿಂದ ಫಿಟ್‌ಬಿಟ್ ಮೊದಲಾದ ಹೆಸರುಗಳಲ್ಲಿ ಮೈಮೇಲೆ ತೊಡುವ ಪುಟ್ಟ ಸಾಧನವಾಯಿತು. ಕೈಯೆತ್ತಿದರೆ ಪರದೆ ತಾನೇ ಬೆಳಗುತ್ತದೆ. ಕೇಳುವ ಮೊದಲೇ ಸುದ್ದಿ ಬಂದು ನಿಲ್ಲುತ್ತದೆ.

ಇದರ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೈಗಡಿಯಾರವೊಂದು ಹೃದಯದ ಬಡಿತದ ರೇಖೆಯನ್ನು ಬರೆಯುವುದಕ್ಕೆ ಅನುಮತಿ ನೀಡಿತು. ಒಂಟಿಯಾಗಿರುವ ವೃದ್ಧರು ಬಿದ್ದರೆ ಆ ಬೀಳುವಿಕೆಯನ್ನು ಗುರುತಿಸಿ ಸಹಾಯಕ್ಕೆ ಕರೆ ಹೋಗುವ ವ್ಯವಸ್ಥೆಯೂ ಬಂದಿದೆ. ಕಿವುಡರಿಗೆ ಮಣಿಕಟ್ಟಿನ ಮೃದುವಾದ ನಡುಕವೇ ಕರೆಗಂಟೆಯಾಗಿದೆ. ಬ್ರೈಲ್ ಗಡಿಯಾರ ಕೊಟ್ಟ ಸ್ವಾತಂತ್ರ್ಯದ ಮುಂದುವರಿಕೆ ಇವು.

ಆದರೆ ಈ ಸಾಧನಗಳಲ್ಲಿ ಒಂದು ಮಾತು ಹೊಸದು. ಅವು ಎಣಿಸಿದ್ದನ್ನು ನಮಗೆ ಹೇಳುವುದರ ಜೊತೆಗೆ ದೂರದ ಕಂಪೆನಿಯ ಗಣಕಯಂತ್ರಗಳಿಗೂ ಹೇಳುತ್ತವೆ. ಫಿಟ್‌ಬಿಟ್ಟನ್ನು ಗೂಗಲ್ ಕೊಂಡುಕೊಳ್ಳುವ ಮಾತು 2019ರಲ್ಲಿ ಹೊರಬಿದ್ದು 2021ರ ಜನವರಿಯಲ್ಲಿ ಮುಗಿಯಿತು. ಲಕ್ಷಾಂತರ ಜನರ ಹೆಜ್ಜೆಯ ದಾಖಲೆಗಳು ಅದರೊಡನೆ ಒಡೆಯನನ್ನು ಬದಲಾಯಿಸಿದವು. ತನ್ನ ಪ್ರಜೆಗಳ ಆ ದಾಖಲೆಗಳನ್ನು ಹತ್ತು ವರ್ಷ ಜಾಹೀರಾತಿಗೆ ಬಳಸಕೂಡದೆಂದು ಐರೋಪ್ಯ ಒಕ್ಕೂಟ ಷರತ್ತು ಹಾಕಿತು. ಇತರ ದೇಶಗಳ ಜನರ ಹೆಜ್ಜೆಗೆ ಆ ಷರತ್ತಿನ ರಕ್ಷಣೆಯಿಲ್ಲ.

ಇನ್ನೊಂದು ಪ್ರಸಂಗ ನೈನ್ ಸಿಂಗನ ಕಥೆಯನ್ನು ತಲೆಕೆಳಗು ಮಾಡಿದಂತಿದೆ. ಓಡುವವರ, ಸೈಕಲ್ ತುಳಿಯುವವರ ದಾರಿಗಳನ್ನು ದಾಖಲಿಸುವ ಸ್ಟ್ರಾವಾ ಎಂಬ ಕಂಪೆನಿ 2017ರ ನವೆಂಬರಿನಲ್ಲಿ ಒಂದು ಲೋಕನಕ್ಷೆಯನ್ನು ಪ್ರಕಟಿಸಿತು. ಹೆಚ್ಚು ಹೆಜ್ಜೆ ಬಿದ್ದ ದಾರಿ ಅದರಲ್ಲಿ ಬೆಳಗುತ್ತಿತ್ತು. 2018ರ ಜನವರಿಯಲ್ಲಿ ನೋಡಿದವರು ಬೆರಗಾದರು. ಅಫ್ಘಾನಿಸ್ತಾನ, ಸಿರಿಯಾಗಳ ಕತ್ತಲೆಯ ಮರುಭೂಮಿಯ ನಡುವೆ ಬೆಳಕಿನ ಚೌಕಗಳು! ಅವು ಸೈನಿಕ ನೆಲೆಗಳು. ವ್ಯಾಯಾಮಕ್ಕಾಗಿ ಆವರಣವನ್ನು ಸುತ್ತು ಹಾಕಿದ ಸೈನಿಕರ ಕೈಪಟ್ಟಿಗಳು ಅವುಗಳ ನಕ್ಷೆ ಬರೆದಿದ್ದವು. ಪರರ ನೆಲದ ಗುಟ್ಟನ್ನು ತಿಳಿಯಲು ನೈನ್ ಸಿಂಗ್ ತನ್ನ ಎಣಿಕೆಯನ್ನು ಮಂತ್ರದ ಮರೆಯಲ್ಲಿ ಅಡಗಿಸಿದನು. ಈ ಸೈನಿಕರು ಎಣಿಸುತ್ತಿದ್ದೇವೆಂಬ ಅರಿವೂ ಇಲ್ಲದೆ ತಮ್ಮದೇ ಗುಟ್ಟನ್ನು ಲೋಕಕ್ಕೆ ಬಿಟ್ಟುಕೊಟ್ಟರು.

ಸೈನ್ಯದ ಗುಟ್ಟು ಸರಕಾರದ ಚಿಂತೆ. ಬಡವನ ಗುಟ್ಟು ಯಾರ ಚಿಂತೆ? 2020ರ ಸುಮಾರಿನಲ್ಲಿ ನಾಗಪುರ, ಚಂಡೀಗಢ, ಪಂಚಕುಲಾ ಮೊದಲಾದ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಅವರು ಎಲ್ಲಿದ್ದಾರೆಂದು ತೋರಿಸುವ ಗಡಿಯಾರಗಳನ್ನು ಕಟ್ಟಿಸಲಾಯಿತು. ಬೀದಿ ಗುಡಿಸುವವರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂಬುದು ಕಚೇರಿಯ ಪರದೆಯ ಮೇಲೆ ಕಾಣುತ್ತಿತ್ತು. ಕೆಲಸಗಾರರು, ಅವರಲ್ಲಿಯೂ ಹೆಂಗಸರು, ಶೌಚಕ್ಕೆ ಹೋಗುವಾಗಲೂ ಇದು ನಮ್ಮನ್ನು ನೋಡುತ್ತಿದೆಯೇ ಎಂದು ಅಂಜಿದರು. ಚಂಡೀಗಢದಲ್ಲಿ ಪ್ರತಿಭಟನೆ ನಡೆಯಿತು. ಉದ್ಯಾನದಲ್ಲಿ ನಡೆಯುವವನ ಕೈಯಲ್ಲಿರುವುದೂ ಇಂಥದೇ ಯಂತ್ರ. ಅವನು ಬೇಡವಾದಾಗ ಅದನ್ನು ಬಿಚ್ಚಿಡಬಲ್ಲ. ಬಿಚ್ಚಿದರೆ ಸಂಬಳ ಕಡಿತವಾಗುವವಳಿಗೆ ಅದು ಗಡಿಯಾರವಲ್ಲ, ಬೇಡಿ.

ಈ ಪ್ರಶ್ನೆಗೆ ನ್ಯಾಯದ ಭಾಷೆಯನ್ನು ಒದಗಿಸಿದವರಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರಿದ್ದಾರೆಂಬುದು ನಮಗೆ ಹೆಮ್ಮೆಯ ಮಾತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ವ್ಯಕ್ತಿಗಳ ಮಾಹಿತಿಯನ್ನು ಕುರಿತ ಕಾಯಿದೆ 2023ರಲ್ಲಿ ಬಂದಿತು; ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಾಹಿತಿಯನ್ನು ಪಡೆಯುವ ಮೊದಲು ಒಪ್ಪಿಗೆ ಕೇಳಬೇಕೆಂಬುದು ಅದರ ತಿರುಳು. ಆದರೆ ಒಪ್ಪಿಗೆಗೆ ಬೆಲೆ ಬರುವುದು ಒಲ್ಲೆನೆನ್ನುವ ಶಕ್ತಿ ಇದ್ದಾಗ ಮಾತ್ರ. ಯಜಮಾನನ ಮುಂದೆ ನಿಂತ ಕೂಲಿಕಾರಳಿಗೆ ಆ ಶಕ್ತಿಯನ್ನು ಕಾಯಿದೆಯ ಪುಟ ತಾನಾಗಿ ತಂದುಕೊಡಲಾರದು. ಅದನ್ನು ಸಮಾಜವೇ ತಂದುಕೊಡಬೇಕು.

ಶ್ರೋತೃಗಳೇ, ಮೈಮೇಲೆ ತೊಡುವ ಸಾಧನಗಳನ್ನು ತಿಪ್ಪೆಗೆ ಎಸೆಯಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಬಿದ್ದ ವೃದ್ಧರನ್ನು ಎತ್ತಲು ನೆರವಾದ ಯಂತ್ರ ಪೂಜ್ಯವೇ. ಆದರೆ ಒಂದು ಸಾಧನವನ್ನು ಕೈಗೆ ಕಟ್ಟಿಕೊಳ್ಳುವಾಗ, ಅದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಕೈಗೆ ಕಟ್ಟುವಾಗ, ಮೂರು ಮಾತುಗಳನ್ನು ಕೇಳಿಕೊಳ್ಳುವುದು ಲೇಸು. ಹೆಜ್ಜೆ ಯಾರದು? ನೆಲ ಯಾರದು? ನಕ್ಷೆ ಯಾರ ಕೈ ಸೇರುತ್ತದೆ? ನೈನ್ ಸಿಂಗನಿಗೆ ಒಂದು ಸೌಲಭ್ಯವಿತ್ತು: ತನ್ನ ಮಾಲೆಯಲ್ಲಿ ಎಂಟು ಮಣಿ ಕಡಿಮೆಯಿದೆಯೆಂಬುದು ಅವನಿಗೆ ಗೊತ್ತಿತ್ತು. ನಮ್ಮ ಕೈಯ ಮಾಲೆಯಲ್ಲಿ ಎಷ್ಟು ಮಣಿಗಳಿವೆ, ಯಾವ ಮಣಿ ಯಾರಿಗಾಗಿ ಜಾರುತ್ತಿದೆ ಎಂಬುದು ನಮಗೂ ಗೊತ್ತಿರಬೇಕು.